ಆನೆಮರಿ ಹಣ್ಣು ತಿನ್ನದ ಪುಟ

ಅಮ್ಮಾ,

ಇವತ್ತು ಕಾಲೇಜಿಂದ ನಮ್ಮನ್ನ ಸೋಲದೇವನಹಳ್ಳಿಯ ಒಂದು ಅಂಗನವಾಡಿಗೆ ಕಳಿಸಿದ್ರು, ಮಕ್ಕಳಿಗೆ ಕಥೆ ಓದೋಕೆ. ನಿಂಗೇ ಗೊತ್ತಲ್ಲ, ಟೆನ್ಶನ್ ಆದ್ರೆ ನನ್ನ ಕನ್ನಡ ತೊದಲುತ್ತೆ. ಅದಕ್ಕೇ ಆನೆಮರಿ ಕಥೆಯ ಇಡೀ ಪುಸ್ತಕ ಒಂದೇ ಉಸಿರಿಗೆ ಓದಿ ಮುಗಿಸಿಬಿಟ್ಟೆ.

ಅಲ್ಲಿನ ಟೀಚರ್ ಬೈರಮ್ಮ ನಕ್ಕುಬಿಟ್ರು. "ಯಾಕವ್ವಾ, ಬಸ್ ತಪ್ಪೋಯ್ತದಾ? ಪುಟಪುಟಕ್ಕೂ ನಿಲ್ಸಿ, ಆನೆ ಯಾಕಿಂಗೆ ಮಾಡ್ತು ಅಂತ ಮಕ್ಳನ್ನ ಕೇಳು. ಬರೀದೇ ಇರೋದೂ ತಿಳೀಬೇಕು ಅವಕ್ಕೆ."

ಮತ್ತೆ ಮೊದಲಿಂದ ಶುರು ಮಾಡಿದೆ. ಒಂದು ಪುಟದಲ್ಲಿ ಆನೆಮರಿ ಮುಂದೆ ಬಾಳೆಹಣ್ಣು ಹಾಗೇ ಬಿದ್ದಿರುತ್ತೆ. "ನಾನು ಚೆನ್ನಾಗಿದೀನಿ" ಅನ್ನುತ್ತೆ ಅದು. ನಾನು ನಿಲ್ಲಿಸಿ, "ಆನೆಮರಿ ಹೇಗಿದೆ?" ಅಂತ ಕೇಳಿದೆ.

ನಾಲ್ಕು ವರ್ಷದ ಧನುಶ್ರೀ ಎದ್ದು ನಿಂತ್ಲು. "ಸುಳ್ಳು ಮಿಸ್! ಅದಕ್ಕೆ ಉಷಾರಿಲ್ಲ. ಹಣ್ಣೇ ತಿಂದಿಲ್ಲ ನೋಡಿ!"

ಬೈರಮ್ಮ ಚಪ್ಪಾಳೆ ತಟ್ಟಿದ್ರು. ನಂಗೆ ಮುಂದಿನ ಪುಟ ತಿರುಗಿಸೋಕೆ ಆಗ್ಲಿಲ್ಲ.

ನೀನು ನಮ್ಮನ್ನ ಬಿಟ್ಟು ಹೋಗೋ ಮುಂಚೆ, ಆ ಕೊನೇ ಭಾನುವಾರ, ಹಾಸ್ಟೆಲ್ಲಿಗೆ ಫೋನ್ ಮಾಡಿದ್ದೆ. "ಚೆನ್ನಾಗಿದೀನಿ ಪುಟ್ಟಿ, ಊಟ ಸೇರ್ತಿಲ್ಲ ಅಷ್ಟೇ" ಅಂದೆ.

ನಾನು, "ಓಕೆ ಅಮ್ಮ, ನಾಳೆ ಟೆಸ್ಟ್ ಇದೆ, ಬೈ" ಅಂದೆ.