ನಲವತ್ತು ದಿನದ ಹರಕೆ

ಅಕ್ಕಾ,

ಸಂಜೆ ಆರು ಗಂಟೆ. ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ನಿನ್ನ ಮಗಳು ಹೆತ್ತಳು, ಹೆಣ್ಣು ಮಗು. ಮೂಗು ಥೇಟ್ ನಿನ್ನದೇ. "ಇದು ಅಳೋದಲ್ಲ, ಜಗಳ!" ಎಂದು ನರ್ಸ್ ನಕ್ಕಳು. ಸುದ್ದಿ ಹೇಳಲು ನಿನ್ನ ನಂಬರನ್ನೇ ಒತ್ತಿಬಿಟ್ಟೆ.

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಅತಿ ಪ್ರಿಯವಾದದ್ದನ್ನೇ ದೇವರಿಗಾಗಿ ಬಿಡಬೇಕೆಂದು, ನಲವತ್ತು ದಿನ ನಿನ್ನೊಡನೆ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟೆ. "ಸಕ್ಕರೆ ಬಿಡೇ, ನನ್ನನ್ಯಾಕೆ ಬಿಡ್ತೀಯಾ?" ಎಂದು ರೇಗಿಸಿದ್ದೆ ನೀನು. ಮೂವತ್ತೊಂದನೆಯ ದಿನ ನಿನ್ನ ಫೋನು ಮೂರು ಸಲ ಬಂತು. ಹರಕೆ ಮುರಿಯಬಾರದೆಂದು ಎತ್ತಲಿಲ್ಲ. ಅಂದು ಸಂಜೆಯೇ ನೀನು ಹೋಗಿಬಿಟ್ಟೆ.

"ಚಿಕ್ಕಮ್ಮ, ಈ ಸಲ ಏನು ಬಿಡ್ತೀರಿ?" ಎಂದು ಇವತ್ತು ಆಸ್ಪತ್ರೆಯಲ್ಲಿ ನಿನ್ನ ಮಗಳು ಕೇಳಿದಳು.

"ಏನೂ ಬಿಡಲ್ಲ ಕಣೇ, ಇವಳನ್ನಂತೂ ಬಿಡೋದೇ ಇಲ್ಲ," ಎಂದು ಮಗುವನ್ನು ಎದೆಗೊತ್ತಿಕೊಂಡೆ.

ನಾಳೆ ತಪಸ್ಸುಕಾಲ ಶುರು. ಬೆಳಗ್ಗೆ ಏಳಕ್ಕೆ ನಿನ್ನ ಮಗಳು ಫೋನ್ ಮಾಡುತ್ತಾಳೆ. ಮೊದಲ ರಿಂಗಿಗೇ ಎತ್ತುತ್ತೇನೆ.