ನಳಿಗೆಯ ಮೇಲಿನ ಅಂಟು

ಅಪ್ಪಾ,

ಮಹಾಯುದ್ಧದಲ್ಲಿ ವಿಮಾನ ಹೊಡೆದುರುಳಿಸುತ್ತಿದ್ದ ಆ ತೋಪಿನ ಪ್ಲಾಸ್ಟಿಕ್ ಮಾದರಿ, ನೀವು ತೀರಿಕೊಳ್ಳುವ ಮೊದಲೇ ಅರ್ಧಕ್ಕೆ ನಿಂತಿತ್ತಲ್ಲ, ಇಂದು ನಾನೇ ಜೋಡಿಸಲು ಕೂತೆ. ಚಕ್ರಗಳು ಸರಿಯಾಗಿ ಕೂತವು. ಗುರಿ ನೋಡುವ ಅಕ್ಕಿಕಾಳಿನಷ್ಟು ಸಣ್ಣ ಉಂಗುರವನ್ನು ಚಿಮಟದಲ್ಲಿ ಹಿಡಿದೆ, ಕೈ ನಡುಗಿತು. ಮೊಣಕೈ ಮೇಜಿಗೆ ಊರಿ ಉಸಿರು ಬಿಗಿಹಿಡಿದೆ, ಮತ್ತೂ ನಡುಗಿತು. ಅಂಟು ನಳಿಗೆಯ ಮೇಲೆ, ಹಿಂದೆ ನಿಮ್ಮ ಕೈಯಿಂದ ಬಿದ್ದ ಅಂಟಿನ ಕಲೆಯ ಪಕ್ಕದಲ್ಲೇ ಬಿತ್ತು.

"ಬಿಡ್ರಿ, ನಿಮಗಾಗೂದಿಲ್ಲ, ಕೊಡ್ರಿ ಇಲ್ಲೆ," ಎಂದು ನಿಮ್ಮ ಸೊಸೆ ಕೇತಕಿ ಚಿಮಟ ತೆಗೆದುಕೊಂಡಳು.

ಪಿಂಪ್ರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂದಲೆಳೆಯಷ್ಟೂ ತಪ್ಪದೆ ಲೇಥ್ ನಡೆಸಿದ ನಿಮಗೆ ನಾನು ಅಂದದ್ದೂ ಇದೇ ಮಾತು. ಆಮೇಲೆ ನೀವು ಈ ಮಾದರಿಯ ಡಬ್ಬಿ ತೆರೆಯಲೇ ಇಲ್ಲ.

ನಾಳೆ ಕೈ ತೋರಿಸಲು ಹೋದಾಗ ಡಾಕ್ಟರು ಮೊದಲು ಇದನ್ನೇ ಕೇಳುತ್ತಾರೆ. ನಿಮ್ಮ ಕೈ ನಡುಗಲು ಶುರುವಾದದ್ದು ಎಷ್ಟನೇ ವಯಸ್ಸಿಗೆ, ಅಪ್ಪಾ? ನನಗೀಗ ನಲವತ್ತೊಂದು.