ಅಕ್ಕ ಹಾಕುತ್ತಿದ್ದ ಉಪ್ಪು

ಸೋಮವಾರ, ಊಟದ ಪಾತ್ರೆ ತೊಳೆದಿಟ್ಟ ಮೇಲೆ

ನನ್ನ ಮುದ್ದು ಕಡ್ಡಿಗೆ ಚಿಕ್ಕಮ್ಮನ ಆಶೀರ್ವಾದ.

ಹೇಗಿದ್ದೀಯ? ಗುಂಡನ ಕೆಮ್ಮು ಇಳಿಯಿತೆ? ಹಾಲು ನಿಲ್ಲಿಸಿದ ಮೇಲೆ ಚಿಟ್ಟೆಗೆ ಹೊಟ್ಟೆನೋವು ಬರುತ್ತಿಲ್ಲ ತಾನೆ? ಮೇಷ್ಟ್ರು ಅಳಿಯಂದಿರ ಮಂಡಿನೋವು ಹೇಗಿದೆ? ಇಲ್ಲಿ ನಿನ್ನ ಚಿಕ್ಕಪ್ಪ ಕಲ್ಲುಗುಂಡಿನಂತಿದ್ದಾರೆ. ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವರು, ಊಟಕ್ಕೆ ಮಾತ್ರ ಒಂದು ದಿನವೂ ಹೊತ್ತಿಗೆ ಬಂದವರಲ್ಲ.

ಕುಂಬಳ-ಬೇಳೆ ಮಾಡುವುದನ್ನು ಮತ್ತೆ ಬರೆಯುತ್ತೇನೆ. ಈರುಳ್ಳಿಯನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿ, ಅವಸರ ಬೇಡ. ಮೂರೆಸಳು ಬೆಳ್ಳುಳ್ಳಿ, ಒಂದು ಲೋಟ ಬೇಳೆ, ಎರಡು ಹಿಡಿ ಕುಂಬಳದ ಹೋಳು, ನಾಲ್ಕು ಲೋಟ ನೀರು. ಸೌಟಿನ ಬೆನ್ನು ತಾಗಿದರೆ ಹೋಳು ಕರಗಬೇಕು. ಇಳಿಸಿದ ಮೇಲೆ ನಿಂಬೆ ಹಿಂಡು. ಬೆಣ್ಣೆ ಬೇಡವೇ ಬೇಡ, ಬೆಂದ ಕುಂಬಳವೇ ಬೆಣ್ಣೆ. ಚಿಟ್ಟೆ ಧಾರಾಳವಾಗಿ ತಿನ್ನಬಹುದು.

ಎಲ್ಲ ಸರಿಯಾಗಿ ಹಾಕಿದರೂ ಅಮ್ಮನ ರುಚಿ ಬರಲಿಲ್ಲ, ಅಮ್ಮ ಎಷ್ಟು ಉಪ್ಪು ಹಾಕುತ್ತಿದ್ದರು ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ, ಮಗಳೆ. ನಿನ್ನಪ್ಪ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೆ ಬಂದಾಗಿನಿಂದ, ಹನ್ನೊಂದು ವರ್ಷ, ಬೇಯಿಸುವುದು ನಾನು, ಉಪ್ಪು ಹಾಕುವುದು ಅವಳು. "ನಿಂದು ಅಳತೆ ಕೈ, ನಂದು ಅಂದಾಜಿನ ಕೈ. ಸರಿ ಆ ಕಡೆ" ಎನ್ನುತ್ತಿದ್ದಳು. ನಾನು ಸರಿಯುತ್ತಿದ್ದೆ. ಎಷ್ಟು ಹಾಕಿದಳೆಂದು ಒಂದು ದಿನವೂ ನೋಡಲಿಲ್ಲ.

ಅವಳ ಕಾಲು ಊದಿಕೊಂಡು ಡಾಕ್ಟರು ಉಪ್ಪು ಬಿಡಿಸಿದಾಗ, ಭರಣಿಯನ್ನು ಮೇಲಿನ ಹಲಗೆಗೆ ಏರಿಸಿಬಿಟ್ಟೆ. "ಕೆಲ್ಸಾನೂ ಕಿತ್ಕೊಂಡ್ರಿ, ಪಿಂಚಣೀನೂ ಇಲ್ಲ" ಎಂದು ನಕ್ಕಳು. ಕೊನೆಯ ದಿನದವರೆಗೂ ಮನೆಮಂದಿಯೆಲ್ಲ ಸಪ್ಪೆ ಉಂಡೆವು. ಆ ದಿನ ಅವಳು ನಿಶ್ಚಿಂತೆಯಿಂದ ಹೊಟ್ಟೆತುಂಬ ಉಂಡಳು ಎಂದು ನಿನಗೆ ಆಗಲೇ ಹೇಳಿದ್ದೇನೆ.

ಅವಳು ಹೋಗಿ ಎರಡು ತಿಂಗಳಾಯಿತು, ಉಪ್ಪು ಹಾಕಲು ನನ್ನ ಕೈ ಏಳುವುದಿಲ್ಲ. ಚಿಕ್ಕಪ್ಪ ಅಂಗಡಿಯಿಂದ ತಂದಿಟ್ಟುಕೊಂಡ ಪೊಟ್ಟಣದಿಂದ ತಟ್ಟೆಗೆ ತಾವೇ ಹಾಕಿಕೊಳ್ಳುತ್ತಿದ್ದರು. ಆದರೆ ಹೋದ ಗುರುವಾರ ನಿಂಬೆ ಕೊಯ್ಯಲು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಪಾತ್ರೆಗೆ ಉಪ್ಪು ಬಿದ್ದಿತ್ತು. ರುಚಿ ನೋಡಿದರೆ ಅಕ್ಕನ ಕೈಯ ಹದವೇ. ಚಿಕ್ಕಪ್ಪನನ್ನು ಕೇಳಿದೆ. "ನಾನಾ? ನಿನ್ನ ಅಡುಗೆಮನೆಗೆ ಕಾಲಿಟ್ಟು ಮೂವತ್ತು ವರ್ಷ ಆಯ್ತು ಮಾರಾಯ್ತಿ, ದಾರಿನೇ ಮರೆತಿದೀನಿ" ಎಂದರು. ಸ್ಟೂಲು ಹತ್ತಿ ಭರಣಿ ನೋಡಿದೆ. ಮುಚ್ಚಳದ ಮೇಲೆ ಧೂಳು ಹಾಗೆಯೇ ಕೂತಿತ್ತು.

ಅಂದಿನಿಂದ ದಿನವೂ ಹೀಗೇ. ಈಗ ಹೆಚ್ಚುತ್ತಲೂ ಇದೆ. ನಿನ್ನೆ ಬಾಯಿಗಿಡಲಾಗಲಿಲ್ಲ, ಚಿಕ್ಕಪ್ಪ ಎರಡು ಚೊಂಬು ನೀರು ಕುಡಿದರು. ಹೆದರಿದ್ದೇನೆ ಎಂದುಕೊಳ್ಳಬೇಡ. ನನ್ನಕ್ಕನಿಗೆ ನಾನೇಕೆ ಹೆದರಲಿ? ಒಲೆಯ ಮುಂದೆ ನಿಂತಾಗ ಮಾತ್ರ ಪಕ್ಕಕ್ಕೆ ಸರಿದೇ ನಿಲ್ಲುತ್ತೇನೆ.

ಮಕ್ಕಳಿಗೆ ಮುತ್ತು.

ನಿನ್ನ ಚಿಕ್ಕಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಕ್ಕ ಆ ದಿನ ಹೊಟ್ಟೆತುಂಬ ಉಣ್ಣಲಿಲ್ಲ. ಬಟ್ಟಲು ಹಿಡಿದು ಅಡುಗೆಮನೆಗೆ ಬಂದು, "ಒಂದೇ ಒಂದು ಚಿಟಿಕೆ ಕಣೇ, ನಾಲಿಗೆ ಸತ್ತೇ ಹೋಗಿದೆ" ಎಂದಳು. ನನಗೂ ಸಪ್ಪೆ ಉಂಡು ಉಂಡು ಸಾಕಾಗಿತ್ತು. "ಸಾಯೋ ಆಸೆ ಇದ್ರೆ ಹಾಕ್ಕೋ" ಎಂದುಬಿಟ್ಟೆ. ಅಕ್ಕ ತುತ್ತು ಮುಟ್ಟದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋಗಿ ಮಲಗಿದಳು. ಸಂಜೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಅವಳ ಪರವಾಗಿ ನನ್ನನ್ನು ಕ್ಷಮಿಸಲು ಉಳಿದಿರುವವಳು ನೀನೊಬ್ಬಳೇ. ನೀನು ಬರೆದದ್ದನ್ನು ಒಲೆಯ ಪಕ್ಕ ನಿಂತು ಅಕ್ಕನಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ, ಬೈದಿದ್ದರೂ ಒಂದಕ್ಷರ ಬಿಡದೆ ಓದುತ್ತೇನೆ. ಬೇಗ ಬರೆ, ಕಡ್ಡಿ.